ಬಾವಿಗೂ ಔಷಧ ಕೊಡಲು ಕಲಿಯುವ ಡಾಕ್ಟರು



"ಮುಂದೆ ಏನಾಗ್ತೀರಿ?" ಎಂದು ಹತ್ತನೇ ತರಗತಿಯಲ್ಲಿ ಕೇಳಿ ನೋಡ್ರಿ, ಡಾಕ್ಟರ್ ಅನ್ನುವ ಕೈಗಳು ನಾಲ್ಕಾದರೂ ಏಳುತ್ತವೆ. ಅದಕ್ಕೆ ಏನು ಕಲಿಯಬೇಕು ಎಂದರೆ ಎದೆಗೆ ನಳಿಗೆ ಹಚ್ಚಿ ಕೇಳೋದು, ಸೂಜಿ ಮಾಡೋದು, ಆಪರೇಶನ್ ಮಾಡೋದು ಅಂತ ಉತ್ತರ ಬರ್ತದೆ. ಬಾವಿಯ ಅಗಲ ಅಳೆಯೋದು, ಬ್ಯಾರಲ್ಲಿನೊಳಗೆ ಬ್ಯಾಟರಿ ಹಾಕಿ ಹುಳ ಹುಡುಕೋದು ಎಂದು ಇದುವರೆಗೆ ಯಾರೂ ಹೇಳಿಲ್ಲ. ಎಂಬಿಬಿಎಸ್ ಓದುವವರು ಇವನ್ನೂ ಕಲಿಯಬೇಕು. ಇದರ ಮೇಲೆ ಪರೀಕ್ಷೆಯೂ ಇದೆ, ಅದರಲ್ಲಿ ಪಾಸಾಗದೆ ಡಾಕ್ಟರ್ ಆಗುವಂತಿಲ್ಲ. ವಿಷಯದ ಹೆಸರು ಸಮುದಾಯ ವೈದ್ಯಶಾಸ್ತ್ರ. ಕಾಲೇಜಿನಲ್ಲಿ ಎಲ್ಲರೂ ಕಮ್ಯುನಿಟಿ ಮೆಡಿಸಿನ್ ಅಂತಾರೆ.

ಒಂದು ಓಣಿ ಇದೆ ಅಂದುಕೊಳ್ರಿ. ಮಳೆಗಾಲ ಈಗಷ್ಟೇ ಶುರುವಾಗಿದೆ. ವಾರದೊಳಗೆ ಹನ್ನೆರಡು ಮಕ್ಕಳಿಗೆ ವಾಂತಿ-ಭೇದಿ. ದವಾಖಾನೆಯ ಡಾಕ್ಟರು ಹನ್ನೆರಡೂ ಮಕ್ಕಳನ್ನು ಉಳಿಸಿ ಮನೆಗೆ ಕಳಿಸ್ತಾರೆ. ಮರುದಿನ ಹದಿಮೂರನೆಯ ಮಗು ಬರ್ತದೆ. ಯಾಕಂದ್ರೆ ಆ ಓಣಿಯ ನಳದ ಪೈಪು ಗಟಾರದೊಳಗೆ ಹಾದು ಬಂದಿದೆ, ಒಂದು ಕಡೆ ಜೋಡಣೆ ಬಿಟ್ಟಿದೆ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಹೆಚ್ಚು, ಆದ್ದರಿಂದ ಒಳಗಿನ ನೀರು ಹೊರಗೆ ಸೋರ್ತದೆ. ನೀರು ನಿಲ್ಲಿಸಿದ ಮೇಲೆ ಒತ್ತಡ ಇಳೀತದೆ, ಆಗ ಗಟಾರದ ನೀರು ಅದೇ ಸಂದಿಯಿಂದ ಒಳಗೆ ಸೇರ್ತದೆ. ಒತ್ತಡದ ಪಾಠದಲ್ಲಿ ನೀವು ಓದಿದ್ದೇ ಇದು. ದಿನಬಿಟ್ಟು ದಿನ, ವಾರಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಮೊದಲ ಕೊಡದ ನೀರು ಕಂದಾಗಿ ಬರುವುದಕ್ಕೆ ಇದೂ ಒಂದು ಕಾರಣ.

ದವಾಖಾನೆಯಲ್ಲಿ ಕೇಳುವ ಪ್ರಶ್ನೆ "ಈ ಮಗುವಿಗೆ ಏನಾಗಿದೆ?" ಸಮುದಾಯ ವೈದ್ಯಶಾಸ್ತ್ರ ಕೇಳೋದು "ಈ ಓಣಿಗೇ ಯಾಕೆ ಬಂತು, ಪಕ್ಕದ ಓಣಿಗೆ ಯಾಕಿಲ್ಲ?" ಎರಡನ್ನೂ ಕೇಳಬಲ್ಲ ಡಾಕ್ಟರು ನಮಗೆ ಬೇಕು.

ಎರಡನೆಯ ಪ್ರಶ್ನೆ ಹೊಸದೇನಲ್ಲ. 1854ರಲ್ಲಿ ಲಂಡನ್ನಿನ ಜಾನ್ ಸ್ನೋ ಎಂಬ ವೈದ್ಯ ಕಾಲರಾದಿಂದ ಸತ್ತವರ ಮನೆಗಳನ್ನು ನಕಾಶೆಯ ಮೇಲೆ ಗುರುತು ಮಾಡಿ, ಅವೆಲ್ಲ ಬ್ರಾಡ್ ಸ್ಟ್ರೀಟಿನ ಒಂದು ಬೋರಿನ ಸುತ್ತ ಇವೆ ಎಂದು ತೋರಿಸಿಕೊಟ್ಟ. ಕಾಲರಾ ರೋಗಾಣುವಿನ ಬಗ್ಗೆ ಆಗ ಡಾಕ್ಟರುಗಳಿಗೇ ತಿಳಿದಿರಲಿಲ್ಲ. ನಮ್ಮ ದೇಶದಲ್ಲಿ ಸರ್ ಜೋಸೆಫ್ ಭೋರ್ ಅವರ ಸಮಿತಿ 1946ರಲ್ಲಿ ಕೊಟ್ಟ ವರದಿಯಲ್ಲಿ, ಡಾಕ್ಟರ್ ಆಗುವವರಿಗೆಲ್ಲ ರೋಗ ತಡೆಯುವ ವಿದ್ಯೆಯಲ್ಲಿ ಮೂರು ತಿಂಗಳ ತರಬೇತಿ ಬೇಕು ಎಂದಿತ್ತು. ಈಗಲೂ ಎಂಬಿಬಿಎಸ್ ಮುಗಿಸಿದವರು ಇಂಟರ್ನ್‌ಶಿಪ್ ವರ್ಷದಲ್ಲಿ ಹೆಚ್ಚುಕಡಿಮೆ ಮೂರು ತಿಂಗಳು ಇದೇ ವಿಭಾಗದಲ್ಲಿ ಕೆಲಸ ಮಾಡಬೇಕು.

ನಮ್ಮ ಸುತ್ತ ವೈದ್ಯಕೀಯ ಕಾಲೇಜುಗಳಿಗೆ ಕೊರತೆಯಿಲ್ಲ. ಸೊಲ್ಲಾಪುರದ ಡಾ. ವೈಶಂಪಾಯನ ಸ್ಮಾರಕ ಸರ್ಕಾರಿ ಕಾಲೇಜು 1963ರದು. ಅದೇ ವರ್ಷ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ಕಾಲೇಜು ಶುರುವಾಯ್ತು. ಲಾತೂರದಲ್ಲಿ 2002ರಲ್ಲಿ, ಬೀದರದಲ್ಲಿ 2007ರಲ್ಲಿ, ನಮ್ಮ ಜಿಲ್ಲಾ ಊರು ಧಾರಾಶಿವದಲ್ಲಿ 2022ರಲ್ಲಿ ಸರ್ಕಾರಿ ಕಾಲೇಜುಗಳಾದವು. ಬಿಳಿ ಕೋಟು ಹಾಕಿಕೊಂಡ ಹುಡುಗ ಹುಡುಗಿಯರು ಕೈಯಲ್ಲಿ ವಹಿ ಹಿಡಿದು ಊರಿನ ಓಣಿಯಲ್ಲಿ ಓಡಾಡುವುದನ್ನು ನೀವು ಕಂಡಿದ್ದರೆ ಅವರು ಬಹುಶಃ ಇಂಥ ಕಾಲೇಜಿನವರು.

ದತ್ತು ಪಡೆದ ಮನೆಗೆ ಬೀಗ

2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಂದು ಹೊಸ ನಿಯಮ ತಂದಿತು. ಎಂಬಿಬಿಎಸ್ ಮೊದಲ ವರ್ಷದಿಂದಲೇ ಪ್ರತಿ ವಿದ್ಯಾರ್ಥಿ ಹಳ್ಳಿಯ ಕೆಲವು ಕುಟುಂಬಗಳನ್ನು ‘ದತ್ತು’ ಪಡೆಯಬೇಕು. ಕನಿಷ್ಠ ಮೂರು, ಸಾಧ್ಯವಾದರೆ ಐದು. ಮುಂದಿನ ವರ್ಷಗಳಲ್ಲೂ ಮತ್ತೆ ಮತ್ತೆ ಅದೇ ಮನೆಗಳಿಗೆ ಹೋಗಬೇಕು. ದತ್ತು ಅಂದ್ರೆ ಮನೆಗೆ ಕರಕೊಂಡು ಹೋಗೋದಲ್ಲ ಮತ್ತೆ! ಆ ಮನೆಯವರ ಆರೋಗ್ಯದ ಲೆಕ್ಕ ಇಡೋದು: ಯಾರಿಗೆ ಬಿಪಿ, ಯಾರಿಗೆ ಸಕ್ಕರೆ ಕಾಯಿಲೆ, ಕೂಸಿಗೆ ಯಾವ ಲಸಿಕೆ ಬಾಕಿ, ಸೊಸೆಯ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟು.

ಈ ಕೊನೆಯದನ್ನೇ ನೋಡ್ರಿ. ಗರ್ಭಿಣಿಯಲ್ಲದ ಹೆಂಗಸರಿಗೆ ಪ್ರತಿ ಡೆಸಿಲೀಟರ್ ರಕ್ತದಲ್ಲಿ 12 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ರಕ್ತಹೀನತೆ ಎನ್ನುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ 57 ಜನಕ್ಕೆ ರಕ್ತಹೀನತೆ ಇದೆ. ಕಬ್ಬಿಣದ ಗುಳಿಗೆ ಕೊಟ್ಟರೆ ಆಯ್ತಲ್ಲ? ಗುಳಿಗೆ ಮನೆಯಲ್ಲೇ ಇರ್ತದೆ, ಎಷ್ಟೋ ಸಲ ಮಾಡದ ಮೇಲೆ ಧೂಳು ತಿಂತಾ ಇರ್ತದೆ. ತಿಂದರೆ ಹೊಟ್ಟೆ ತೊಳಸ್ತದೆ, ಮಲ ಕಪ್ಪಾಗ್ತದೆ ಅಂತ ಆಕೆ ಬಿಟ್ಟಿರ್ತಾಳೆ. ಅಥವಾ ಊಟದ ಬೆನ್ನಿಗೇ ಚಹಾ ಕುಡೀತಾಳೆ, ಚಹಾದಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಹೋಗಗೊಡೋದಿಲ್ಲ. ಅರ್ಧ ಲಿಂಬಿ ಹಿಂಡಿಕೊಂಡರೆ ಅದರ ‘ಸಿ’ ಜೀವಸತ್ವ ಕಬ್ಬಿಣ ಹೀರಲು ನೆರವಾಗ್ತದೆ. ಮೂರು ಸಲ ಅದೇ ಮನೆಯ ಕಟ್ಟೆ ಮೇಲೆ ಕೂತ ವಿದ್ಯಾರ್ಥಿಗೆ ಇದೆಲ್ಲ ತಿಳೀತದೆ. ದವಾಖಾನೆಯ ಎರಡು ನಿಮಿಷದಲ್ಲಿ ತಿಳಿಯೋದು ಕಷ್ಟ.

ಆದರೆ ನಮ್ಮ ಕಡೆ ಈ ದತ್ತು ಯೋಜನೆಗೆ ಒಂದು ತೊಡಕು ಉಂಟು. ಧಾರಾಶಿವ, ಬೀಡ ಜಿಲ್ಲೆಗಳಿಂದ ಎಷ್ಟೋ ಕುಟುಂಬಗಳು ದೀಪಾವಳಿ ಹೊತ್ತಿಗೆ ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಗಳ ಕಡೆ ಹೋಗ್ತವೆ, ಮರಳಿ ಬರೋದು ಬೇಸಿಗೆಗೆ. ನಿಮ್ಮ ತರಗತಿಯಲ್ಲೂ ಆಗ ಒಂದೆರಡು ಜಾಗ ಖಾಲಿಯಾಗಿರ್ತವೆ. ಡಾಕ್ಟರ್ ವಿದ್ಯಾರ್ಥಿ ಡಿಸೆಂಬರಿನಲ್ಲಿ ಬಂದರೆ ಬಾಗಿಲಿಗೆ ಬೀಗ. ವಹಿಯಲ್ಲಿ ‘ಮನೆಯಲ್ಲಿ ಯಾರೂ ಇಲ್ಲ’ ಅಂತ ಬರೆದು ಹೋಗಬಹುದು, ಬರೆದರೆ ಅಂಕವೂ ಸಿಗಬಹುದು. ನಿಜವಾದ ಪಾಠ ಇರೋದು ಆ ಬೀಗದಲ್ಲಿ. ಒಂಬತ್ತನೇ ತಿಂಗಳಿಗೆ ಹಾಕಿಸಬೇಕಾದ ದಡಾರ-ರುಬೆಲ್ಲಾ ಲಸಿಕೆಯ ಹೊತ್ತಿಗೆ ಆ ಕೂಸು ಎಲ್ಲಿತ್ತು? ಕಬ್ಬಿನ ಗದ್ದೆಯ ಟೆಂಟಿನಲ್ಲಿ ಬಸುರಿಯನ್ನು ತಪಾಸಣೆ ಮಾಡಿದವರು ಯಾರು? ನೆರೆಮನೆಯವರನ್ನು, ಆಶಾ ತಾಯಿಯನ್ನು ಕೇಳಿ, ಹೋಗುವ ಮುಂಚೆ ಲಸಿಕೆ ಕಾರ್ಡು ಗಂಟಿನಲ್ಲಿ ಕಟ್ಟಿಕೊಂಡು ಹೋದರೋ ಇಲ್ಲವೋ ತಿಳಿಯುವ ವಿದ್ಯಾರ್ಥಿ ಒಳ್ಳೆಯ ಡಾಕ್ಟರಾಗ್ತಾನೆ ಎಂದು ನನ್ನ ಎಣಿಕೆ.

ಬ್ಯಾರಲ್ ಬರಿದು ಮಾಡ್ರಿ ಅಂದ್ರೆ?

ಡೆಂಗಿ ಹರಡುವ ಈಡಿಸ್ ಸೊಳ್ಳೆ ಕೊಳಚೆಯಲ್ಲಿ ಬೆಳೆಯೋದಿಲ್ಲ, ಮನೆಯಲ್ಲಿ ಕೂಡಿಟ್ಟ ತಿಳಿ ನೀರೇ ಅದಕ್ಕೆ ಇಷ್ಟ. ತತ್ತಿಯಿಂದ ಹಾರುವ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಂದು ದಿನ ಎಲ್ಲ ಪಾತ್ರೆ ಬರಿದು ಮಾಡಿ ಒಣಗಿಸಿದರೆ ಹುಳ ಸೊಳ್ಳೆಯಾಗುವ ಮೊದಲೇ ಸಾಯ್ತದೆ. ಇದಕ್ಕೇ ಮರಾಠಿಯಲ್ಲಿ ‘ಕೋರಡಾ ದಿವಸ’ ಅಂತಾರೆ. ಪುಸ್ತಕದಲ್ಲಿ ಇದು ಸರಿಯಾಗೇ ಇದೆ.

ಈಗ ಮರಾಠವಾಡಕ್ಕೆ ಬರ್ರಿ. 2016ರ ಬರದಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ತಂದದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿದೆ. ಟ್ಯಾಂಕರು ಎಂಟು ದಿನಕ್ಕೊಮ್ಮೆ ಬರುವ ಊರಿನಲ್ಲಿ, ತಲೆ ಮೇಲೆ ಹೊತ್ತು ತಂದ ನೀರನ್ನು ಯಾವ ತಾಯಿ ಚೆಲ್ತಾಳೆ? "ವಾರಕ್ಕೊಮ್ಮೆ ಬ್ಯಾರಲ್ ಬರಿದು ಮಾಡ್ರಿ" ಎಂದು ಪಟ್ಟಣದಿಂದ ಬಂದ ವಿದ್ಯಾರ್ಥಿ ಹೇಳಿದರೆ ಆಕೆ ಹ್ಞೂಂ ಅಂತಾಳೆ, ಅವನು ಹೋದ ಮೇಲೆ ನಗ್ತಾಳೆ. ನೀರಿನ ಕೊರತೆಯೂ ಡೆಂಗಿಯೂ ಇಲ್ಲಿ ಕೈ ಕೈ ಹಿಡಿದುಕೊಂಡೇ ಬರ್ತವೆ, ನೀರು ಕಡಿಮೆಯಾದಷ್ಟೂ ಜನ ಹೆಚ್ಚು ಕೂಡಿಡ್ತಾರೆ.

ಹಾಗಾದರೆ ಏನು ಹೇಳಬೇಕು? ಹಳೇ ಧೋತರವನ್ನೋ ಸೀರೆಯನ್ನೋ ಎರಡು ಪದರ ಮಾಡಿ ಬ್ಯಾರಲ್ಲಿನ ಬಾಯಿಗೆ ಬಿಗಿಯಾಗಿ ಕಟ್ಟಿಸಬೇಕು. ಟ್ಯಾಂಕರು ಬರುವ ಹಿಂದಿನ ದಿನ ನೀರು ತಳ ಕಂಡಿರ್ತದೆ, ಅವತ್ತೇ ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿಸಬೇಕು. ತಿಕ್ಕೋದು ಯಾಕೆಂದರೆ ಈಡಿಸ್ ತತ್ತಿ ಇಡೋದು ನೀರಿನ ಅಂಚಿಗೆ ತಾಗಿದ ಗೋಡೆಯ ಮೇಲೆ. ನೀರು ಆರಿದರೂ ಆ ತತ್ತಿ ತಿಂಗಳುಗಟ್ಟಲೆ ಜೀವ ಹಿಡಿದಿರ್ತದೆ, ಮತ್ತೆ ನೀರು ತುಂಬಿದೊಡನೆ ಒಡೆದು ಹುಳ ಹೊರಬರ್ತದೆ. ದೊಡ್ಡ ಹೌದು ಇದ್ದರೆ ಗಪ್ಪಿ ಮೀನು ಬಿಡಿಸಬೇಕು. ಇಷ್ಟೂ ವಿಜ್ಞಾನವೇ. ಆದರೆ ಟ್ಯಾಂಕರು ಯಾವ ದಿನ ಬರ್ತದೆ ಎಂದು ಮೊದಲು ಕೇಳಿದವನಿಗೆ ಮಾತ್ರ ಇದು ಹೊಳೀತದೆ.

ಆರು ಬಿಳಿ ಬಟ್ಟಲು, ಒಂದು ಕರಿ ಬಟ್ಟಲು

ಇನ್ನು ಬಾವಿಯ ವಿಷಯ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕೋದನ್ನು ನೀವು ನೋಡಿದ್ದೀರಿ. ಎಷ್ಟು ಹಾಕಬೇಕು? "ಒಂದೆರಡು ಹಿಡಿ" ಅನ್ನೋದು ನಮ್ಮ ಲೆಕ್ಕ. ಕಡಿಮೆಯಾದರೆ ರೋಗಾಣು ಉಳೀತದೆ, ಹೆಚ್ಚಾದರೆ ವಾಸನೆಗೆ ಜನ ಆ ನೀರು ಬಿಟ್ಟು ಇನ್ನೆಲ್ಲಿಂದಲೋ ಕೊಳಕು ನೀರು ತರ್ತಾರೆ. ಅದಕ್ಕೆ ಹಾರಾಕ್ಸ್ ಸಲಕರಣೆ ಎಂಬ ಒಂದು ಪೆಟ್ಟಿಗೆ ಇದೆ. ಬ್ರಿಟಿಷ್ ಸೈನ್ಯದ ವೈದ್ಯ ವಿಲಿಯಂ ಹಾರಾಕ್ಸ್ ಸೈನಿಕರ ಕುಡಿಯುವ ನೀರಿಗಾಗಿ ಮಾಡಿದ್ದು ಇದು. ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳು ಪ್ರಯೋಗ ಪರೀಕ್ಷೆಗೆ ಇದನ್ನು ಕಲೀತಾರೆ.

ಪೆಟ್ಟಿಗೆಯಲ್ಲಿ 200 ಮಿಲಿ ಹಿಡಿಯುವ ಆರು ಬಿಳಿ ಬಟ್ಟಲು, ಒಂದು ಕರಿ ಬಟ್ಟಲು, 2 ಗ್ರಾಂ ಹಿಡಿಯುವ ಚಮಚ ಇರ್ತವೆ. ಕರಿ ಬಟ್ಟಲಿನಲ್ಲಿ ಒಂದು ಚಮಚ ಬ್ಲೀಚಿಂಗ್ ಪುಡಿಯನ್ನು ಬಾವಿಯ ನೀರಿನಲ್ಲಿ ಕಲಸಿ, ಗುರುತಿನವರೆಗೆ ನೀರು ತುಂಬಿ ತಿಳಿಯಾಗಲು ಬಿಡಬೇಕು. ಬಿಳಿ ಬಟ್ಟಲುಗಳಲ್ಲಿ ಬಾವಿಯ ನೀರು ತುಂಬಿ, ಮೊದಲನೆಯದಕ್ಕೆ ಕರಿ ಬಟ್ಟಲಿನ ತಿಳಿ ಒಂದು ಹನಿ, ಎರಡನೆಯದಕ್ಕೆ ಎರಡು ಹನಿ, ಹೀಗೇ ಆರನೆಯದಕ್ಕೆ ಆರು ಹನಿ ಹಾಕಿ ಕಲಕಬೇಕು. ಅರ್ಧ ತಾಸು ಬಿಟ್ಟು ಎಲ್ಲಕ್ಕೂ ಗಂಜಿ-ಅಯೊಡೈಡ್ ದ್ರಾವಣ ಮೂರು ಮೂರು ಹನಿ. ಕೆಲವು ಬಟ್ಟಲು ಬೆಳ್ಳಗೇ ಉಳೀತವೆ, ಕೆಲವು ನೀಲಿಯಾಗ್ತವೆ.

ಯಾಕೆ ನೀಲಿ? ಆಲೂಗಡ್ಡೆಯ ಮೇಲೆ ಅಯೊಡಿನ್ ಹನಿ ಹಾಕಿ ನೋಡಿದ್ದೀರಲ್ಲ, ಅದೇ ನೀಲಿ. ನೀರಿನ ಕೊಳೆ ಮತ್ತು ರೋಗಾಣುಗಳು ಮೊದಲು ಕ್ಲೋರಿನ್ ತಿಂದುಹಾಕ್ತವೆ. ಅವು ತಿಂದು ಮಿಕ್ಕ ಕ್ಲೋರಿನ್ ಇದ್ದರೆ ಮಾತ್ರ ಅದು ಪೊಟ್ಯಾಸಿಯಂ ಅಯೊಡೈಡಿನಿಂದ ಅಯೊಡಿನ್ ಬಿಡಿಸ್ತದೆ, ಅಯೊಡಿನ್ ಗಂಜಿಗೆ ಸೇರಿ ನೀಲಿಯಾಗ್ತದೆ. ಮೊದಲು ನೀಲಿಯಾದದ್ದು ಮೂರನೇ ಬಟ್ಟಲು ಅಂದ್ರೆ ಮೂರು ಚಮಚ, ಅಂದರೆ 6 ಗ್ರಾಂ ಪುಡಿ 455 ಲೀಟರ್ ನೀರಿಗೆ ಸಾಕು. ಈ 455 ಎಲ್ಲಿಂದ ಬಂತು ಅಂತ ತಲೆ ಕೆರೆದುಕೊಳ್ಳಬೇಡ್ರಿ, ಅದು ಬ್ರಿಟಿಷರ 100 ಗ್ಯಾಲನ್.

ಲೆಕ್ಕ ಮಾಡೋಣ. ಬಾವಿಯ ಅಡ್ಡಗಲ 4 ಮೀಟರ್, ನೀರಿನ ಆಳ 3 ಮೀಟರ್. ಸಿಲಿಂಡರಿನ ಘನಫಲದ ಸೂತ್ರ ಹಾಕಿದರೆ 3.14 × 2 × 2 × 3 = 37.68 ಘನ ಮೀಟರ್, ಅಂದರೆ 37,680 ಲೀಟರ್. ಅದನ್ನು 455ರಿಂದ ಭಾಗಿಸಿ 6ರಿಂದ ಗುಣಿಸಿದರೆ ಹತ್ತಿರ ಹತ್ತಿರ 497 ಗ್ರಾಂ, ಅರ್ಧ ಕಿಲೋ ಅನ್ನಿ. ಪುಡಿಯನ್ನು ಬಕೆಟಿನಲ್ಲಿ ಕಲಕಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಹಾಕ್ತಾರೆ, ಸುಣ್ಣ ಹಾಕಿದರೆ ನೀರು ಇನ್ನಷ್ಟು ಗಡಸಾಗ್ತದೆ. ಒಂದು ತಾಸಾದರೂ ನೀರು ಸೇದಬಾರದು, ಆದ್ದರಿಂದ ರಾತ್ರಿ ಹಾಕೋದು ಒಳ್ಳೇದು. ಆ ತಾಸಿನ ನಂತರವೂ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. (ಲೆಕ್ಕವನ್ನು ಮನೆಯಲ್ಲಿ ಮಾಡ್ರಿ. ಪುಡಿಯನ್ನು ಮಾತ್ರ ನೀವಾಗಿ ಮುಟ್ಟಬೇಡ್ರಿ, ಅದರ ಹೊಗೆ ಗಂಟಲು, ಕಣ್ಣು ಸುಡ್ತದೆ.)

ಅಣದೂರಿನ ಹಾದಿ

ಇದನ್ನೆಲ್ಲ ಕಾಲೇಜಿನವರು ಹೇಳುವ ಮೊದಲೇ ತಾವಾಗಿ ಕಲಿಯಲು ಹೊರಟ ವಿದ್ಯಾರ್ಥಿಗಳೂ ಇದ್ದರು. ಯೆಣೆಗೂರದಿಂದ ಸೊಲ್ಲಾಪುರದ ಕಡೆ ಹೆದ್ದಾರಿ ಹಿಡಿದರೆ ನಳದುರ್ಗದ ಹತ್ತಿರ ಅಣದೂರು ಸಿಗ್ತದೆ, ಖಂಡೋಬನ ಊರು, ನಮ್ಮವರು ಮೈಲಾರಲಿಂಗ ಅನ್ನುವ ದೇವರು. ಆಗಿನ ಔರಂಗಾಬಾದಿನ ವೈದ್ಯಕೀಯ ವಿದ್ಯಾರ್ಥಿಗಳು 1980ರ ದಶಕದಲ್ಲಿ ‘ಹ್ಯಾಲೋ’ ಎಂಬ ಗುಂಪು ಕಟ್ಟಿಕೊಂಡಿದ್ದರು. ಆರೋಗ್ಯವನ್ನು ತಾವೇ ಕಲಿಯುವ ಸಂಘ ಎನ್ನುವ ಅರ್ಥದ ಹೆಸರು ಅದು. ಅದರಿಂದಲೇ ಡಾ. ಶಶಿಕಾಂತ ಅಹಂಕಾರಿ ಮತ್ತು ಗೆಳೆಯರ ಹ್ಯಾಲೋ ಮೆಡಿಕಲ್ ಫೌಂಡೇಶನ್ ಬಂತು, ಅಣದೂರಿನಲ್ಲಿ ನೆಲೆ ಮಾಡಿತು. ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟು ‘ಭಾರತ ವೈದ್ಯ’ ಎಂದು ಕರೆದರು. ಆಶಾ ಯೋಜನೆ ಬಂದದ್ದು 2005ರಲ್ಲಿ, ಇವರ ಕೆಲಸ ಅದಕ್ಕಿಂತ ಹಳೆಯದು. ಇನ್ನೂ ಹಿಂದೆ, 1970ರಲ್ಲೇ ಜಾಮಖೇಡದಲ್ಲಿ ರಜನಿಕಾಂತ ಮತ್ತು ಮೇಬಲ್ ಆರೋಳೆ ಎಂಬ ಡಾಕ್ಟರ್ ದಂಪತಿ ಹಳ್ಳಿಯ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡುವ ಕೆಲಸಕ್ಕೆ ಕೈ ಹಾಕಿದ್ದರು, 1979ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ವರ್ಧಾದ ಹತ್ತಿರ ಸೇವಾಗ್ರಾಮದಲ್ಲಿ 1969ರಲ್ಲಿ ಶುರುವಾದ ಮಹಾತ್ಮಾ ಗಾಂಧಿ ಕಾಲೇಜಿನಲ್ಲಿ ಪ್ರತಿ ವರ್ಷದ ಹೊಸ ವಿದ್ಯಾರ್ಥಿಗಳು ಒಂದು ಹಳ್ಳಿಯನ್ನು ತಮ್ಮದಾಗಿಸಿಕೊಂಡು, ಅಲ್ಲೇ ಶಿಬಿರ ಹೂಡಿ ಮನೆ ಮನೆ ತಿರುಗ್ತಾರೆ.

ಇಂಥ ವಿದ್ಯೆ ಯಾವಾಗ ಬೇಕಾಗ್ತದೆ ಎಂದು ನಮ್ಮ ತಾಲೂಕಿನವರಿಗೆ ಹೇಳಿಕೊಡಬೇಕಿಲ್ಲ. 1993ರ ಸೆಪ್ಟೆಂಬರ್ 30ರಂದು, ಗಣಪತಿ ಬಿಟ್ಟ ಮರುದಿನ ನಸುಕಿನಲ್ಲಿ, ಕಿಲ್ಲಾರಿ-ಸಾಸ್ತೂರ ಭಾಗದಲ್ಲಿ ನೆಲ ನಡುಗಿ ಸಾವಿರಾರು ಜನ ಸತ್ತರು. ಮುರಿದ ಕೈಕಾಲು ಕಟ್ಟಲು ಮೊದಲ ದಿನಗಳಲ್ಲಿ ಶಸ್ತ್ರವೈದ್ಯರು ಬೇಕು. ಆಮೇಲೆ ತಗಡಿನ ಶೆಡ್ಡುಗಳಲ್ಲಿ ಸಾವಿರ ಜನ ಒಟ್ಟಿಗೆ ಬಾಳುವಾಗ ನೀರು ಎಲ್ಲಿಂದ, ಸಂಡಾಸು ಎಲ್ಲಿ, ಲಸಿಕೆ ತಪ್ಪಿದ ಮಕ್ಕಳು ಯಾರು ಎಂದು ನೋಡುವವರು ಬೇಕು.

‘ಗೊಬ್ಬರ ಎದ್ದಾವ’

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು ಈಗ. ಸರ್ಕಾರಿ ಕಾಲೇಜಿನ ಸೀಟುಗಳಲ್ಲಿ ನೂರಕ್ಕೆ 15 ಅಖಿಲ ಭಾರತ ಪಾಲಿನವು, ಆದ್ದರಿಂದ ಧಾರಾಶಿವದಲ್ಲಿ ಓದುವವರಲ್ಲಿ ಹೊರರಾಜ್ಯದವರೂ ಇರ್ತಾರೆ. ಮೊದಲ ವರ್ಷ ಅವರಿಗೆ ಸ್ಥಳೀಯ ಭಾಷೆಯ ಪಾಠವೂ ಉಂಟು, ಇಲ್ಲಿ ಅದು ಮರಾಠಿ. ಉಮರ್ಗಾ, ನಿಲಂಗಾ, ಉದಗೀರ ಕಡೆ ಮನೆಯೊಳಗೆ ಕನ್ನಡ ಆಡುವ ಆಯಿಯ ಲೆಕ್ಕ ಯಾವ ಪಾಠದಲ್ಲೂ ಇಲ್ಲ. ಆಯಿಗೆ ಮರಾಠಿ ಬರ್ತದೆ ನಿಜ, ಸಂತೆಗೆ ಸಾಕಾಗುವಷ್ಟು. ಆದರೆ ಜಡ್ಡು ಬಂದಾಗ ಮಾತು ಮನೆಯ ಭಾಷೆಯಲ್ಲೇ ಹೊರಡ್ತದೆ.

ಕಟ್ಟೆಯ ಮೇಲೆ ಕೂತ ವಿದ್ಯಾರ್ಥಿ ಮರಾಠಿಯಲ್ಲಿ ಕೇಳ್ತಾನೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ ಅಜ್ಜಿ? "ಕೂಸಿಗಿ ಗೊಬ್ಬರ ಎದ್ದಾವಪ್ಪ, ಅಮ್ಮ ಬಂದಾಳ ಮನಿಗಿ" ಅಂತಾಳೆ ಆಯಿ. ಜೊತೆಯಲ್ಲಿದ್ದವನು ಅರ್ಧಮರ್ಧ ಕನ್ನಡ ತಿಳಿದವನು, ತಿಪ್ಪೆಯ ಗೊಬ್ಬರ, ಮನೆಗೆ ತಾಯಿ ಬಂದಿದ್ದಾರೆ ಅಂತ ಹೇಳಿದರೆ ಮುಗೀತು, ವಹಿಯಲ್ಲಿ ‘ಎಲ್ಲರೂ ಆರೋಗ್ಯ’ ಎಂದೇ ಬರೆಯೋದು. ಆಯಿ ಹೇಳಿದ್ದು ದಡಾರ. ಮರಾಠಿಯ ‘ಗೋವರ’ವೇ ನಮ್ಮ ಬಾಯಲ್ಲಿ ಗೊಬ್ಬರ. ಗಾಳಿಯಲ್ಲಿ ಹರಡುವ ರೋಗಗಳಲ್ಲಿ ದಡಾರದಷ್ಟು ಬೇಗ ಹಬ್ಬುವಂಥವು ತೀರಾ ಕಡಿಮೆ. ಆ ಒಂದು ಮಾತು ತಿಳಿದಿದ್ದರೆ ಅವತ್ತೇ ಕೂಸಿಗೆ ‘ಎ’ ಜೀವಸತ್ವ, ಓಣಿಯ ಮಕ್ಕಳ ಲಸಿಕೆಯ ವಿಚಾರಣೆ ಶುರುವಾಗ್ತಿತ್ತು.

ಇನ್ನೊಂದು ನೋಡ್ರಿ. ಭೇದಿಯಾದ ಮಗುವಿಗೆ ಮನೆಯಲ್ಲೇ ಮಾಡುವ ನೀರಿಗೆ ಒಂದು ಲೀಟರಿಗೆ ಆರು ಸಮತಲ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಭಾಷಾಂತರದಲ್ಲಿ ಸಕ್ಕರೆ ಉಪ್ಪು ಅದಲು ಬದಲಾದರೆ, ಅಥವಾ ಅರ್ಧ ಅನ್ನೋದು ಕಿವಿಗೆ ಬೀಳದಿದ್ದರೆ, ಜೀವ ಉಳಿಸಬೇಕಾದ ನೀರೇ ಮಗುವಿನ ಜೀವಕ್ಕೆ ಬರ್ತದೆ.

ಇಂಥ ಹೊತ್ತಿನಲ್ಲಿ ಮಾತು ದಾಟಿಸಲು ಸಾಮಾನ್ಯವಾಗಿ ನಿಮ್ಮನ್ನೇ ಕರೀತಾರೆ, ಶಾಲೆಗೆ ಹೋಗುವ ಮಕ್ಕಳನ್ನು. ಬಾವಿ, ಬ್ಯಾರಲ್, ಜ್ವರ, ಕೆಮ್ಮು ಇವುಗಳ ಮಾತಾದರೆ ಚೆನ್ನಾಗಿ ಮಾಡ್ತೀರಿ. ಆದರೆ ವೈನಿಯೋ ಕಾಕಿಯೋ ತನ್ನ ಒಳಗಿನ ತೊಂದರೆಯನ್ನು ಹನ್ನೆರಡು ವರ್ಷದ ಹುಡುಗನ ಬಾಯಿಂದ ಹೇಳಿಸಲಾರಳು, ಹೇಳಿಸಬಾರದೂ ಕೂಡ. ಅಲ್ಲಿಗೆ ಆ ಭಾಷೆ ಬಲ್ಲ ಡಾಕ್ಟರೋ ನರ್ಸಮ್ಮನೋ ಬೇಕು. ಅದಕ್ಕೇ ಒಂದು ಮಾಹಿತಿ ಬರೆದುಕೊಳ್ರಿ: ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಆದರೆ ಕನ್ನಡ ಪ್ರಶ್ನೆಪತ್ರಿಕೆ ಸಿಗೋದು ಕರ್ನಾಟಕದ ಕೇಂದ್ರಗಳಲ್ಲಿ. ಕಲಬುರಗಿ, ಬೀದರ ನಮಗೇನು ದೂರವಲ್ಲ. ಎಂಬಿಬಿಎಸ್ ಒಂದೇ ದಾರಿಯೂ ಅಲ್ಲ, ನರ್ಸಿಂಗ್ ಇದೆ, ಲ್ಯಾಬ್ ತಂತ್ರಜ್ಞರ ಕೋರ್ಸ್ ಇದೆ, ಆರೋಗ್ಯ ನಿರೀಕ್ಷಕರ ಕೆಲಸ ಇದೆ.

ಅಲ್ಲಿಯವರೆಗೆ ಒಂದು ಕೆಲಸ. ವಹಿಯಲ್ಲಿ ಮೂರು ಅಂಕಣ ಮಾಡ್ರಿ. ಮೊದಲನೆಯದರಲ್ಲಿ ನಿಮ್ಮ ಆಯಿ, ಅಜ್ಜ ಜಡ್ಡುಗಳಿಗೆ ಹೇಳುವ ಹೆಸರು: ಗೊಬ್ಬರ, ಕಾಮಣಿ, ಪಡಸಾ, ಹೊಟ್ಟಿ ಝಾಡ್ಸೋದು, ಎದಿ ಝಲ್ ಅನ್ನೋದು, ಕಣ್ಣಿಗಿ ಕತ್ತಲಿ ಬರೋದು, ಅವರು ಹೇಳಿದ ಹಾಗೆಯೇ. ಎರಡನೆಯದರಲ್ಲಿ ಮರಾಠಿ ಹೆಸರು. ಮೂರನೆಯದರಲ್ಲಿ ಪುಸ್ತಕದ ಹೆಸರು, ಗೊತ್ತಾಗದಿದ್ದರೆ ಖಾಲಿ ಬಿಡ್ರಿ, ಆಶಾ ತಾಯಿಯನ್ನು ಕೇಳಿ ತುಂಬಿಸೋಣ. ದೀಪಾವಳಿ ರಜೆ ಮುಗಿಸಿ ಬರುವಾಗ ನಿಮ್ಮ ವಿಜ್ಞಾನ ಶಿಕ್ಷಕರ ಕೈಗೆ ಕೊಡ್ರಿ. ಎಲ್ಲ ಶಾಲೆಗಳದ್ದು ಕೂಡಿಸಿ ಒಂದು ಹಾಳೆ ಮಾಡಿ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಅಂಟಿಸೋಣ. ಕಬ್ಬಿಗೆ ಹೋಗುವ ಮನೆಯ ಮಕ್ಕಳು ಮಾತ್ರ ದೀಪಾವಳಿಗೆ ಮೊದಲೇ ಕೊಟ್ಟು ಹೋಗ್ರಿ.